ಎಡಗೈ ಕತ್ತರಿಯ ಹಟ

ನಾನು ಒಂದು ಕತ್ತರಿ. ಹಾಲಿನ ಪಾಕೀಟು ಕತ್ತರಿಸುವ, ಮೀಸೆ ಕತ್ತರಿಸುವ ಸಣ್ಣಪುಟ್ಟ ಜಾತಿಯವನಲ್ಲ. ಹನ್ನೊಂದು ಇಂಚು ಉದ್ದ, ಅರ್ಧ ಕಿಲೋಗಿಂತ ಹೆಚ್ಚು ಭಾರ, ಕೋಟಿನ ಬಟ್ಟೆಯನ್ನು ನಾಲ್ಕು ಪದರ ಇಟ್ಟರೂ ಒಂದೇ ಓಟಕ್ಕೆ ಸೀಳುವ ಟೇಲರ್ ಕತ್ತರಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನನ್ನು ಕೈಗೆತ್ತಿಕೊಂಡವರಲ್ಲಿ ಮುಕ್ಕಾಲು ಮಂದಿ ‘ಹರಿತ ಇಲ್ಲ’ ಎಂದು ಹೇಳಿ ಕೆಳಗಿಟ್ಟು ಹೋದವರು. ಅವರ ಮಾತು ನೀವು ಎಲ್ಲಾದರೂ ಕೇಳಿದ್ದರೆ ನಂಬಬೇಡಿ.

ಹುಟ್ಟಿದ್ದು ಹಳೇ ಹುಬ್ಬಳ್ಳಿಯ ಒಂದು ಕುಲುಮೆಯಲ್ಲಿ. ಮೌನೇಶಪ್ಪ ಕಮ್ಮಾರ ಎಂಬವರು ಮುರಿದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಬಡಿದು ನನ್ನ ಎರಡು ಅಲಗುಗಳನ್ನು ಮಾಡಿದರು. ಹಿಡಿಕೆ ಹಿತ್ತಾಳೆಯದು. ಬೆಟಗೇರಿಯ ಒಬ್ಬ ಟೇಲರ್ ತನಗೆ ಎಡಗೈ ರೂಢಿ, ಎಡಗೈಗೆ ತಕ್ಕ ಕತ್ತರಿ ಬೇಕು ಎಂದು ಹೇಳಿಹೋಗಿದ್ದ. ಎಡಗೈ ಕತ್ತರಿ ಅಂದರೆ ಸುಮ್ಮನೆ ಅಲ್ಲ. ಎಲ್ಲಾ ಕತ್ತರಿಗಳಲ್ಲಿ ಬಲಗಡೆಯ ಅಲಗು ಮೇಲೆ ಬರುತ್ತದೆ. ನನ್ನಲ್ಲಿ ಎಡಗಡೆಯದು ಮೇಲೆ. ಹೆಬ್ಬೆರಳು ಕೂರುವ ಕುಳಿಯೂ ಎಡಗೈಯದೇ. ಮೌನೇಶಪ್ಪ ಅಂಥದ್ದನ್ನು ಅಲ್ಲಿಯವರೆಗೆ ಮಾಡಿರಲಿಲ್ಲ. ಎರಡು ಸಲ ಕೆಡಿಸಿದ ಮೇಲೆ, ಮೂರನೆಯ ಸಲಕ್ಕೆ ನಾನು ಸರಿಯಾಗಿ ಬಂದೆ. ಆತ ನನ್ನನ್ನು ಬಿಸಿಲಿಗೆ ಹಿಡಿದು ನೋಡಿ ಒಂದು ಬೀಡಿ ಹಚ್ಚಿದರು. ಅದು ಆತನ ಶಾಭಾಸ್‌ಗಿರಿ ಎಂದು ಆಮೇಲೆ ಗೊತ್ತಾಯಿತು.

ಹೇಳಿಹೋದ ಟೇಲರ್ ಹದಿನೈದು ದಿನ ಬಿಟ್ಟು ಬಂದ. ಆದರೆ ನನ್ನನ್ನು ಮುಟ್ಟಲೇ ಇಲ್ಲ.

“ಮಾಲಕರು ಬಲಗೈಲೆ ಕಲಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ಕೋ ಅಂದ್ರು. ಕಲಿಯಾಕತ್ತೀನ್ರಿ” ಎಂದು ತಲೆ ತಗ್ಗಿಸಿ ಹೇಳಿ ಹೋದ. ಹುಟ್ಟಿ ಹದಿನೈದು ದಿನಕ್ಕೆ ನನಗೆ ಮೊದಲ ‘ಬೇಡ’ ಸಿಕ್ಕಿತು.

ಮೌನೇಶಪ್ಪ ನನ್ನನ್ನು ಗುರುಶಿದ್ದಪ್ಪ ಎಂಬವರ ಕಬ್ಬಿಣದ ಸಾಮಾನಿನ ಅಂಗಡಿಗೆ ಕೊಟ್ಟರು. ಅಲ್ಲಿ ಆರು ವರ್ಷ ಗೋಡೆಯ ಮೊಳೆಗೆ ನೇತಾಡಿದೆ. ನನ್ನ ಅಕ್ಕಪಕ್ಕದ ಕತ್ತರಿಗಳು ಬಂದವು, ಹೋದವು. ನನ್ನನ್ನೂ ಎಷ್ಟೋ ಮಂದಿ ಇಳಿಸಿ, ಬಲಗೈಯಲ್ಲಿ ಹಿಡಿದು, ಚಿಂದಿ ಬಟ್ಟೆಯ ಮೇಲೆ ಎರಡು ಸಲ ಆಡಿಸಿ ನೋಡಿದರು. ಬಲಗೈಯಲ್ಲಿ ಹಿಡಿದರೆ ನನ್ನ ಅಲಗುಗಳು ಒಂದಕ್ಕೊಂದು ತಾಗುವ ಬದಲು ಬಿಟ್ಟುಕೊಳ್ಳುತ್ತವೆ. ಬಟ್ಟೆ ನಡುವೆ ಮಡಚಿ ಸಿಕ್ಕಿಬೀಳುತ್ತದೆ. “ಏನ್ರೀ ಗುರುಶಿದ್ದಪ್ಪ, ಇದು ಅರಿವಿ ಜಗಿಯಾಕತ್ತೈತಿ” ಎಂದು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಬ್ಬ ಗಾದಿ ಮಾಡುವವ ಮನೆಗೆ ಒಯ್ದು, ಎರಡೇ ದಿನಕ್ಕೆ ತಂದು ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಹೋದ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬನಿಗೆ ‘ಇನ್ನೊಂದು ಕೈಯಲ್ಲಿ ಹಿಡಿದು ನೋಡೋಣ’ ಅನ್ನಿಸಲಿಲ್ಲ, ನೋಡಿ.

ಇಂದುಮತಿ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಮೂವತ್ತೆಂಟರ ಆಸುಪಾಸಿನ ಹೆಂಗಸು, ಸಾದಾ ಕಾಟನ್ ಸೀರೆ, ಕಾಲಲ್ಲಿ ಧೂಳು. ಸೂಜಿ ಕೊಳ್ಳಲು ಬಂದಿದ್ದಳು. ಗೋಡೆಯ ಕಡೆ ನೋಡಿದವಳು ಸೂಜಿ ಮರೆತು ನಿಂತಳು.

“ಅಣ್ಣಾರ, ಆ ಕತ್ತರಿ ಸ್ವಲ್ಪ ಕೊಡ್ರಿ.”

“ಅದು ಬ್ಯಾಡವಾ, ಸುಡುಗಾಡು ಕತ್ತರಿ. ಬ್ಯಾರೆ ಕೊಡ್ತೀನಿ.”

“ಅದನ್ನ ಕೊಡ್ರಿ.”

ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಂಬಿದವರು ಗುರುಶಿದ್ದಪ್ಪ. ನನ್ನನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. ಆಕೆ ಎತ್ತಿಕೊಂಡದ್ದು ಎಡಗೈಯಲ್ಲಿ. ಹೆಬ್ಬೆರಳು ನೇರ ತನ್ನ ಕುಳಿಗೆ ಹೋಗಿ ಕೂತಿತು. ಚೀಲದಿಂದ ಒಂದು ಟೆರಿಕಾಟ್ ತುಂಡು ತೆಗೆದು ಕತ್ತರಿಸಿದಳು. ನಾನು ಅಂದು ಮೊದಲ ಸಲ ಕತ್ತರಿಯಂತೆ ಸದ್ದು ಮಾಡಿದೆ. ಆಕೆಯ ಕಣ್ಣಲ್ಲಿ ನೀರು ಬಂತು; ಆಕೆ ಅದನ್ನು ಒರೆಸಿಕೊಳ್ಳಲಿಲ್ಲ. “ಎಂಟು ಅಂಗಡ್ಯಾಗ ನನ್ನ ಕೈದಽ ತಪ್ಪು ಅಂತ ತಿಳಕೊಂಡಿದ್ದೆ” ಎಂದು ಗುರುಶಿದ್ದಪ್ಪನವರಿಗೆ ಹೇಳಿದಳು. ಅವರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ಪೂರ್ತಿ ತಿಳಿಯಿತು.

ಆಕೆಯ ಕತೆ ಹೀಗೆ. ತಂದೆ ದೇವೇಂದ್ರಪ್ಪ ಸಿಂಪಿಗೇರ ಕೋಟು ಹೊಲಿಯುವುದರಲ್ಲಿ ಹೆಸರಾದವರು. ಅಳತೆ ಹಿಡಿಯುವುದು, ಬಟ್ಟೆಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯುವುದು ಎಲ್ಲವನ್ನೂ ಮಗಳಿಗೆ ಕಲಿಸಿಯೇ ಕಣ್ಣು ಮುಚ್ಚಿದರು. ಮದುವೆ ಮೂರು ವರ್ಷಕ್ಕೆ ಮುರಿದು ಆಕೆ ತಾಯಿಯ ಮನೆಗೆ ಬಂದಳು. ಶಾಲೆಗಳಿಗೆ ಕೋಟು, ಪ್ಯಾಂಟು ಹೊಲಿದುಕೊಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಟಿಂಗ್ ಮಾಡಿದಳು. ಅಲ್ಲಿ ಕರೆಂಟಿನ ಯಂತ್ರ. ಯಾವ ಕೈಯಿಂದ ದೂಡಿದರೂ ಅದು ಕತ್ತರಿಸುತ್ತಿತ್ತು. ಕಾರ್ಖಾನೆ ಮುಚ್ಚಿತು. ಆಕೆ ಟೇಲರ್ ಅಂಗಡಿಗಳನ್ನು ಹತ್ತತೊಡಗಿದಳು: ಕಟಿಂಗ್ ಮಾಸ್ತರರ ಕೆಲಸ ಕೊಡಿ. ಪರೀಕ್ಷೆಗೆಂದು ಅವರು ತಮ್ಮ ಕತ್ತರಿ ಕೊಡುತ್ತಿದ್ದರು, ಬಲಗೈಯದ್ದು. ಎಡಗೈಯಲ್ಲಿ ಹಿಡಿದರೆ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತಿತ್ತು, ಅಂಚು ಇಲಿ ಕಡಿದಂತೆ ಬರುತ್ತಿತ್ತು. “ಹನ್ನೊಂದು ವರ್ಷ ಇದನ್ನ ಮಾಡಿದಿ ಏನವಾ?” ಎಂದು ಕೇಳಿ ಕಳಿಸುತ್ತಿದ್ದರು.

ಮನೆಯಲ್ಲಿ ತಾಯಿ ನೀಲವ್ವ ಮತ್ತು ಆಕೆ, ಇಬ್ಬರೇ. ಕೆಲಸ ಸಿಗಲೇಬೇಕಿತ್ತು. ಕಾಜಾ ಮಾಡುವ, ಗುಂಡಿ ಹಚ್ಚುವ, ಸೀರೆಗೆ ಫಾಲ್ ಹಚ್ಚುವ ಕೆಲಸ ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ಆಕೆ ಕೇಳಲಿಲ್ಲ. ಅಪ್ಪ ಕಲಿಸಿದ ವಿದ್ಯೆ ಕೈಯಲ್ಲಿ ಇಟ್ಟುಕೊಂಡು ಬೇರೆಯವನು ತಪ್ಪಾಗಿ ಕತ್ತರಿಸಿದ ಕೋಟಿಗೆ ಗುಂಡಿ ಹಚ್ಚುತ್ತಾ ಕೂರುವುದು ಆಕೆಗೆ ಬೇಡವಾಗಿತ್ತು. ಮನೆ ನಡೆಸಲು ಓಣಿಯವರ ರವಿಕೆ ಹೊಲಿಯುತ್ತಿದ್ದಳು, ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದಳು.

ನಾನು ಬಂದಮೇಲೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ನಾನೂ ಹಾಗೇ ಎಂದುಕೊಂಡಿದ್ದೆ. ಮೊದಲ ಅಂಗಡಿಯಲ್ಲಿ ನಾನು ಕತ್ತರಿಸಿದ ಪ್ಯಾಂಟಿನ ಅಂಚಿಗೆ ಸ್ಕೇಲು ಹಿಡಿದು ನೋಡಿದರೂ ತಪ್ಪು ಸಿಗಲಿಲ್ಲ. ಮಾಲಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕೆಲಸ ಚಲೋ ಐತಿ. ಆದ್ರ ನಮ್ಮಲ್ಲಿ ಆರು ಮಂದಿ ಗಂಡ್ಸರು ಮಷೀನ್ ಮ್ಯಾಲೆ ಅದಾರ. ಹೆಣ್ಮಗಳು ಕತ್ತರಿಸಿ ಕೊಟ್ಟದ್ದನ್ನ ಅವರು ಹೊಲೀಬೇಕಲ್ಲ” ಎಂದ. ಇಂದುಮತಿ, “ಅವ್ರು ಮನ್ಯಾಗ ಹೆಣ್ಮಕ್ಕಳು ಮಾಡಿದ್ದನ್ನ ಉಣ್ಣೂದಿಲ್ರೀ?” ಎಂದು ಕೇಳಿ ಹೊರಬಿದ್ದಳು.

ಇನ್ನೊಂದು ಕಡೆ ವಯಸ್ಸಾಯಿತು ಎಂದರು. ಮತ್ತೊಂದು ಕಡೆ, ಕಾರ್ಖಾನೆಯಲ್ಲಿ ಮಾಡಿದವರಿಗೆ ಅಂಗಡಿಯ ಕೆಲಸ ಒಗ್ಗುವುದಿಲ್ಲ ಎಂದರು. ಒಬ್ಬ ಮಾಲಕ ಎರಡು ವಾರ ‘ನಾಳೆ ಬಾ’ ಎಂದು ತಿರುಗಾಡಿಸಿ, ಕೊನೆಗೆ ತನ್ನ ಭಾವಮೈದುನನನ್ನು ಕೂರಿಸಿಕೊಂಡ. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು ಒಂದೇ: “ಮದುವಿ ಅರಿವಿ ಬರ್ತಾವವಾ. ಹೊಸಾ ಅರಿವಿಗೆ ಎಡಗೈ ಹಚ್ಚಿದ್ರ ಗಿರಾಕಿ ಸುಮ್ನಿರ್ತಾರೇನು?” ಗಿರಾಕಿಗಳು ಹಾಗೆ ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ. ಹೇಳುತ್ತಿದ್ದವರೆಲ್ಲ ಮಾಲಕರೇ.

ಒಂದು ಸಲ ಆಕೆಯ ಮೇಲೆಯೇ ನನಗೆ ಸಿಟ್ಟು ಬಂದಿತ್ತು. ಹದಿನೇಳನೆಯ ಅಂಗಡಿ. ಆ ಮಾಲಕ ಪರೀಕ್ಷೆಗೆ ಬಟ್ಟೆ ಹಾಳುಮಾಡುವುದಿಲ್ಲ ಎಂದು ಹಳೆಯ ದಿನಪತ್ರಿಕೆ ಹಾಸಿ, ಇದರ ಮೇಲೆ ಕತ್ತರಿಸಿ ತೋರಿಸು ಎಂದ. ಬಟ್ಟೆ ಕತ್ತರಿಸುವ ಕತ್ತರಿಗೆ ಕಾಗದ ಹಚ್ಚಬಾರದು, ಅಲಗು ಮೊಂಡಾಗುತ್ತದೆ. ಇದು ಟೇಲರ್ ಮನೆಯ ಕೂಸಿಗೂ ಗೊತ್ತು, ಆಕೆಗೆ ಗೊತ್ತಿರಲಿಲ್ಲವೇ? ಆದರೆ ಅಂದು ಮನೆಯಲ್ಲಿ ನೀಲವ್ವನಿಗೆ ಜ್ವರ, ಆಕೆಗೆ ಕೆಲಸದ ಹಸಿವು. ಕಣ್ಣು ಮುಚ್ಚಿ ಕತ್ತರಿಸಿಬಿಟ್ಟಳು. ಕೆಲಸವೂ ಸಿಗಲಿಲ್ಲ. ಮಾರನೆಯ ದಿನ ಬೇರೆ ಅಂಗಡಿಯಲ್ಲಿ ಸ್ಯಾಟಿನ್ ಬಟ್ಟೆ ಕೊಟ್ಟರು. ನಾನು ನಡುವೆ ಎಡವಿದೆ, ಎಳೆ ಕಿತ್ತುಬಂತು. ನನ್ನನ್ನು ಮಾಡಿದವರು ಯಾರೆಂದು ಗುರುಶಿದ್ದಪ್ಪನವರಿಂದ ತಿಳಿದಿದ್ದ ಆಕೆ ಅಲ್ಲಿಂದ ನೇರ ಮೌನೇಶಪ್ಪನ ಕುಲುಮೆಗೆ ನಡೆದಳು. ಆತ ನನ್ನನ್ನು ಸಾಣೆಗೆ ಹಿಡಿದು, “ಪೇಪರಿಗೆ ಹಚ್ಚಿದ್ಯಾ?” ಎಂದು ಕೇಳಿದರು. ಆಕೆ ತಲೆಯಾಡಿಸಿದಳು. “ಬೇಡಿಕೊಳ್ಳಾಕ ಹೋದ್ಯಲ್ಲ, ಅದಕ್ಕ ಹಿಂಗಾತು. ಕೆಲಸ ಕೇಳು, ಬೇಡಬ್ಯಾಡ” ಎಂದಷ್ಟೇ ಹೇಳಿ ಅಲಗಿಗೆ ಎಣ್ಣೆ ಸವರಿದರು.

ಪ್ರತಿ ‘ಬೇಡ’ ಆದಮೇಲೆ ಆಕೆಗೆ ಒಂದು ರೂಢಿ ಇತ್ತು. ಮನೆಗೆ ಬಂದು, ಮುಖ ತೊಳೆದು, ಚಹಾ ಕುಡಿದು, ಚೂರು ಬಟ್ಟೆಗಳ ಗಂಟು ಬಿಚ್ಚಿ ಕೂಸಿನ ತಲೆಗೆ ಹಾಕುವ ಒಂದು ಕುಲಾವಿ ಕತ್ತರಿಸುತ್ತಿದ್ದಳು. ಕೈ ಸುಮ್ಮನೆ ಕೂರಬಾರದು, ಸಿಟ್ಟಿಗೂ ಒಂದು ಕೆಲಸ ಬೇಕು ಅನ್ನುತ್ತಿದ್ದಳು. ಹೊಲಿದು ಓಣಿಯಲ್ಲಿ ಯಾರ ಮನೆಯಲ್ಲಿ ಕೂಸಿದೆಯೋ ಅವರಿಗೆ ಕೊಟ್ಟುಬಿಡುತ್ತಿದ್ದಳು. ನೀಲವ್ವ ಗೋಡೆಗೆ ಒರಗಿ ನೋಡುತ್ತಾ, “ಇನ್ನೂ ನಾಕು ಮಂದಿ ಬ್ಯಾಡ ಅಂದ್ರ ಹಡೆಯೋ ಹೆಂಗಸ್ರು ಸಾಲಂಗಿಲ್ಲ ನಮ್ಮ ಓಣ್ಯಾಗ” ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನಾನು ಬಂದಮೇಲೆ ಹದಿನೆಂಟು ಕುಲಾವಿ ಆದವು. ಹದಿನೆಂಟೂ ನಾನೇ ಕತ್ತರಿಸಿದ್ದು.

ಯಾವಾಗಲೂ ನಗುತ್ತಿದ್ದರು ಅಂದುಕೊಳ್ಳಬೇಡಿ. ಇಪ್ಪತ್ತಾರನೆಯ ಅಂಗಡಿಯಿಂದ ಬಂದ ದಿನ ಆಕೆ ಚಹಾ ಕುಡಿಯಲಿಲ್ಲ, ಗಂಟು ಬಿಚ್ಚಲಿಲ್ಲ. ನೀಲವ್ವ ಪಕ್ಕದಲ್ಲಿ ಬಂದು ಕೂತಳು.

“ಸಣ್ಣಾಕಿದ್ದಾಗ ನಿನ್ನ ಎಡಗೈ ಸೊಂಟಕ್ಕ ಕಟ್ಟು ಅಂತ ಎಲ್ಲಾರೂ ಹೇಳಿದ್ರು. ಎರಡು ದಿನ ಕಟ್ಟಿದೆ, ನೀ ಅಳೂದು ನೋಡಲಾರ್ದ ಬಿಚ್ಚಿದೆ. ಬಿಚ್ಚಬಾರದಿತ್ತು. ತಪ್ಪು ನಂದವಾ.”

ಇಂದುಮತಿ ತಾಯಿಯ ಕಡೆ ತಿರುಗಿದಳು. “ಅಪ್ಪ ನನಗ ಕೋಟು ಕಲಿಸಿದ್ದು ಈ ಕೈಗೇ ಅಲ್ಲೇನವ್ವಾ? ನೀ ಬಿಚ್ಚಿದ್ದಕ್ಕ ಅವ್ರು ಕಲಿಸಿದ್ರು. ಇನ್ನೊಮ್ಮೆ ಹಂಗ ಅನ್ನಬ್ಯಾಡ, ನನಗ ಸಂಕಟ ಆಗ್ತೈತಿ.” ಆಮೇಲೆ ಎದ್ದು ಚೂರುಗಳ ಗಂಟು ಬಿಚ್ಚಿದಳು. ಆ ದಿನದ ಕುಲಾವಿಗೆ ಕೆಂಪು ಬಟ್ಟೆ ಸಿಕ್ಕಿತು.

ಇಪ್ಪತ್ತೇಳನೆಯ ಅಂಗಡಿ ವಿಠೋಬಣ್ಣನದು. ಮದುವೆ ಸೂಟಿಗೆ ಹೆಸರಾದ ಹಳೆಯ ಅಂಗಡಿ. ಎಪ್ಪತ್ತು ದಾಟಿದ ವಿಠೋಬಣ್ಣ ತಾವೇ ಕಟಿಂಗ್ ಮಾಡುತ್ತಿದ್ದರು, ಈಗ ಕೈ ನಡುಗಲು ಶುರುವಾಗಿತ್ತು. ಲಗ್ನದ ಸುಗ್ಗಿ ಬೇರೆ. ಆಕೆ ಒಳಗೆ ಹೋಗಿ ಕೆಲಸ ಕೇಳಿದಾಗ ಅವರು ತಲೆ ಎತ್ತದೆ ಒಂದು ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿದರು.

“ಪೇಪರಿಗೆ ಈ ಕತ್ತರಿ ಹಚ್ಚೂದಿಲ್ರಿ. ಅರಿವಿ ಕೊಡ್ರಿ” ಎಂದಳು ಇಂದುಮತಿ.

ವಿಠೋಬಣ್ಣ ಆಗ ತಲೆ ಎತ್ತಿದರು. ಕನ್ನಡಕ ಸರಿಮಾಡಿಕೊಂಡು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಪತ್ರಿಕೆ ಮಡಚಿಟ್ಟು ಬೂದು ಬಣ್ಣದ ಬಟ್ಟೆ ತೆಗೆದು, ಒಂದು ವೇಸ್ಟ್‌ಕೋಟಿನ ಅಳತೆ ಹೇಳಿದರು. ಆಕೆ ಗೆರೆ ಎಳೆದಳು, ನಾನು ಗೆರೆಯ ಮೇಲೆ ನಡೆದೆ. ಬಗಲಿನ ತಿರುವಿನಲ್ಲಿ ಕೂಡ ಒಮ್ಮೆಯೂ ನಿಲ್ಲಲಿಲ್ಲ. ಅವರು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬೆರಳಾಡಿಸಿ ನೋಡಿದರು.

“ಕೈ ಛಲೋ ಐತಿ. ಯಾರ ಮಗಳು?”

“ದೇವೇಂದ್ರಪ್ಪ ಸಿಂಪಿಗೇರ ಅವರ ಮಗಳ್ರಿ.”

“ಹೌದಽ? ಗೊತ್ತಾತು ಬಿಡು.” ಅಂಗಡಿಯ ಹಿಂಭಾಗಕ್ಕೆ ಕೈ ತೋರಿಸಿದರು. ಅಲ್ಲಿ ಒಂದು ಮೇಜು, ಅದಕ್ಕೆ ಅಡ್ಡವಾಗಿ ದಪ್ಪ ಹಸಿರು ಪರದೆ. “ಅಲ್ಲಿ ಕತ್ತರ್ಸು. ಪರದೆ ಸರಿಸಬ್ಯಾಡ. ಮದುವಿ ಮಂದಿ ಬರ್ತಾರ, ಎಡಗೈ ನೋಡಬಾರ್ದು. ಕೇಳಿದ್ರ ನಾನಽ ಕತ್ತರಿಸಿದ್ದು ಅಂತೀನಿ. ನಾಳೆಯಿಂದ ಬಾ.”

ಇಂದುಮತಿ ಪರದೆಯ ಕಡೆ ನೋಡಿದಳು. “ಬರ್ತೀನ್ರಿ” ಎಂದಳು.

ದಾರಿಯುದ್ದಕ್ಕೂ ಚೀಲದಲ್ಲಿ ಕುದಿಯುತ್ತಿದ್ದೆ. ಒಂದು ವರ್ಷ ನಾಲ್ಕು ತಿಂಗಳು ತಿರುಗಿದ್ದು ಇದಕ್ಕೇನು, ಕಳ್ಳರ ಹಾಗೆ ಅಡಗಿ ಕೂತು ಕೆಲಸ ಮಾಡುವುದಕ್ಕೆ? ದಣಿದಿದ್ದಾಳೆ, ಒಪ್ಪಿಕೊಂಡುಬಿಟ್ಟಳು ಅಂದುಕೊಂಡೆ. ತಾಯಿಗೂ ಆಕೆ “ಕೆಲಸ ಸಿಗೂ ಹಂಗ ಐತಿ” ಎಂದಷ್ಟೇ ಹೇಳಿದಳು.

ಮಾರನೆಯ ದಿನ ಹತ್ತೂವರೆಗೆ ಹೋದೆವು. ಅಂಗಡಿಯ ಮುಂದುಗಡೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು, ಪಕ್ಕದಲ್ಲಿ ನಿಂತಿದ್ದವನು ಆಕೆಯ ದುಂಡಗಿನ ಮೊಮ್ಮಗ, ಅವನೇ ಮದುಮಗ. ಮದುಮಗನ ಸೂಟಿನ ಬಟ್ಟೆ ತಂದಿದ್ದರು. ವಿಠೋಬಣ್ಣ ಅಳತೆ ತೆಗೆಯುತ್ತಿದ್ದರು. ಇಂದುಮತಿ ಹಿಂದೆ ಹೋಗಿ, ಸ್ಟೂಲ್ ಹತ್ತಿ, ಆ ಹಸಿರು ಪರದೆಯನ್ನು ಕೋಲು ಸಮೇತ ಇಳಿಸಿದಳು. ಕೋಲು ತೆಗೆದು ಬದಿಗಿಟ್ಟು, ಪರದೆಯನ್ನು ಕೊಡವಿ, ಮೇಜಿನ ಮೇಲೆ ಹಾಸಿ ಚಾಕ್‌ಪೀಸಿನಿಂದ ಗೆರೆ ಎಳೆದಳು. ನಾನು ಕೈಗೆ ಬಂದಾಗ ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಕತ್ತರಿಸಿದೆ, ನೋಡಿ. ಅಷ್ಟು ಖುಷಿಯಿಂದ ನಾನು ಯಾವ ರೇಷ್ಮೆಯನ್ನೂ ಕತ್ತರಿಸಿಲ್ಲ.

ಸದ್ದು ಕೇಳಿ ವಿಠೋಬಣ್ಣ ತಿರುಗಿದರು. ಟೇಪು ಮದುಮಗನ ಹೊಟ್ಟೆಯ ಸುತ್ತ ಹಾಗೇ ಉಳಿಯಿತು.

“ಏನ್ ಮಾಡಾಕತ್ತೀ?”

“ನಿಮ್ಮ ಮೂರು ಮಷೀನಿಗೂ ಮ್ಯಾಲೆ ಮುಚ್ಚೂ ಗವಸಣಿಗಿ ಇರಲಿಲ್ಲಲ್ರಿ, ಧೂಳು ಕುಂತಿತ್ತು. ಇದರಾಗ ಮೂರೂ ಆಗ್ತಾವು” ಎಂದಳು, ಕತ್ತರಿಸುವುದನ್ನು ನಿಲ್ಲಿಸದೆ. ಕೊನೆಯ ಗೆರೆ ಮುಗಿಸಿ ನನ್ನನ್ನು ಕೆಳಗಿಟ್ಟಳು. “ಅಣ್ಣಾರ, ನಾ ಕತ್ತರಿಸಿದ ಅರಿವಿ ನಾನಽ ಕತ್ತರಿಸಿದ್ದು. ಮದುವಿ ಅರಿವಿನೂ ಇದಽ ಕೈಲೆ, ಎಲ್ಲಾರ ಮುಂದಽ. ಬ್ಯಾಡಾಗಿದ್ರ ಈಗ ಹೇಳ್ರಿ, ಗವಸಣಿಗಿ ಹೊಲಿದು ಕೊಟ್ಟು ಹೋಗ್ತೀನಿ. ಇಪ್ಪತ್ತಾರು ಮಂದಿ ಬ್ಯಾಡ ಅಂದಾರ, ನೀವು ಒಬ್ರು ಹೆಚ್ಚಾಗ್ತೀರಿ, ಅಷ್ಟಽ.”

ಅಂಗಡಿಯಲ್ಲಿ ಮಷೀನುಗಳು ನಿಂತವು. ವಿಠೋಬಣ್ಣನ ಮುಖ ಕೆಂಪಾಗಿತ್ತು. ಅವರು ಅಜ್ಜಿಯ ಕಡೆ ತಿರುಗಿ, ತಮ್ಮ ತಪ್ಪೇನೂ ಇಲ್ಲ ಎಂಬಂತೆ, “ನೋಡ್ರಿ ಅಮ್ಮಾ, ಈಕಿ ಎಡಗೈಲೆ ಕತ್ತರಿಸ್ತಾಳ. ನಿಮ್ಮದು ಲಗ್ನದ ಅರಿವಿ. ನೀವಽ ಹೇಳ್ರಿ” ಎಂದರು.

ಮೊದಲ ಸಲ ಒಬ್ಬ ಗಿರಾಕಿಯನ್ನು ಯಾರೋ ಕೇಳಿದ್ದರು. ಇಂದುಮತಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು; ಬೆರಳು ಬೆಳ್ಳಗಾಗಿದ್ದು ನನಗೆ ಕಾಣುತ್ತಿತ್ತು.

ಅಜ್ಜಿ ಎದ್ದು ಬಂದು, ಕತ್ತರಿಸಿದ ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. “ಯಾವ ಕೈಯರ ಇರ್ಲಿ. ಈ ಹುಡುಗನ ಅಪ್ಪನ ಮದುವಿ ಕೋಟು ನೀವು ಬಲಗೈಲೆ ಕತ್ತರಿಸಿದ್ರಿ, ಅಕ್ಕಿಕಾಳು ಬೀಳೂದ್ರಾಗ ಬಗಲಾಗ ಹರೀತು.” ಆಮೇಲೆ ಇಂದುಮತಿಗೆ ಹೇಳಿದಳು: “ಹೊಟ್ಟಿ ಕಡೆ ಒಂದು ಬಟ್ಟು ಸಡ್ಲ ಬಿಡವಾ. ಲಗ್ನದ ಊಟ ಅದಾವ.”

ಮದುಮಗ ನಾಚಿಕೊಂಡ. ವಿಠೋಬಣ್ಣ ಟೇಪು ಬಿಚ್ಚಿ, ಸೂಟಿನ ಬಟ್ಟೆಯನ್ನು ತಂದು ಮೇಜಿನ ಮೇಲೆ ಇಟ್ಟರು. ಇಂದುಮತಿ ನನಗೆ ಕುಂಕುಮ ಹಚ್ಚಿ ಎಡಗೈಗೆ ತೆಗೆದುಕೊಂಡಳು.

ಅದಾಗಿ ಹದಿನಾಲ್ಕು ವರ್ಷ. ಎಡಗೈ ಎಂದು ಬಟ್ಟೆ ವಾಪಸ್ ಒಯ್ದವರು ಒಟ್ಟು ಮೂರು ಮನೆಯವರು. ಒಯ್ಯಲಿ. ವಿಠೋಬಣ್ಣ ಈಗಿಲ್ಲ, ಕಟಿಂಗ್ ಮೇಜು ಅಂಗಡಿಯ ಬಾಗಿಲಲ್ಲೇ ಇದೆ, ರಸ್ತೆಗೆ ಕಾಣುವಂತೆ. ಸಾಣೆ ಹಿಡಿಸಿಕೊಂಡು ಹಿಡಿಸಿಕೊಂಡು ನನ್ನ ಅಲಗು ಬೆರಳಿನಷ್ಟು ಸವೆದಿದೆ, ನಡುವಿನ ರಿವೆಟ್ಟು ಸಡಿಲವಾಗಿದೆ. ಮೌನೇಶಪ್ಪನ ಮಗಳು ಹೊಸದೊಂದನ್ನು ಮಾಡಿಕೊಟ್ಟಿದ್ದಾಳೆ, ಅದೂ ಎಡಗೈಯದೇ, ಕೆಲಸಕ್ಕೆ ಅಡ್ಡಿಯಿಲ್ಲ. ನಾನು ಮೇಜಿನ ಮೂಲೆಯಲ್ಲಿ ಬಟ್ಟೆ ಹಾರದಂತೆ ಒತ್ತಿ ಹಿಡಿದು ಮಲಗಿರುತ್ತೇನೆ.

ಪರರಿಗಾಗಿ ಸವೆದೆ, ಧನ್ಯನಾದೆ ಎಂದು ಈ ವಯಸ್ಸಿನಲ್ಲಿ ಹೇಳಬೇಕಂತೆ. ನಾನು ಹೇಳುವುದಿಲ್ಲ. ಕೆಲಸ ಮಾಡಿದೆ, ಸವೆದೆ, ಅಷ್ಟೇ. ಆದರೆ ಮಂದಿ ಬಂದು, “ಅಕ್ಕಾ, ಆ ಹದಿನಾರು ತಿಂಗಳು ತಿರುಗಿ ತಿರುಗಿ ನಿಮ್ಮ ಕೈ ಪಳಗಿರಬೇಕು” ಎಂದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಇಂದುಮತಿ ಗೆರೆಯಿಂದ ಕಣ್ಣು ಎತ್ತದೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾಳೆ.

“ಇಲ್ಲಪಾ. ಮೊದಲನೇ ದಿನಾನೂ ನನಗ ಇಷ್ಟಽ ಬರತಿತ್ತು.”